ಕೆಳಗಿನ ಹಿಡಿ

ಮರ ಕೊಯ್ಯುವವರಲ್ಲಿ ಎರಡೇ ಜಾತಿ: ಮೇಲಿನವ, ಕೆಳಗಿನವ. ಹುಟ್ಟಿನಿಂದ ಬಂದ ಜಾತಿಯಲ್ಲ ಇದು, ನಿಂತ ಜಾಗದಿಂದ ಬಂದದ್ದು. ಗುಂಡಿಯ ಮೇಲೆ ಅಡ್ಡ ಹಾಸಿದ ದಿಮ್ಮಿಯ ಬೆನ್ನೇರಿ, ಮಸಿನೂಲಿನ ಗೆರೆ ನೋಡುತ್ತ ಗರಗಸ ಎತ್ತುವವನು ಮೇಲಿನವ. ಗುಂಡಿಗಿಳಿದು, ತಲೆಗೆ ಬೈರಾಸು ಎಂಬ ತುಂಡುಬಟ್ಟೆ ಸುತ್ತಿಕೊಂಡು, ಅದೇ ಆಳುದ್ದದ ಗರಗಸದ ಇನ್ನೊಂದು ತುದಿಯನ್ನು ಹಿಡಿದು ಎಳೆಯುವವನು ಕೆಳಗಿನವ. ಗರಗಸದ ಹಲ್ಲು ಮರ ತಿನ್ನುವುದು ಕೆಳಗೆಳೆದಾಗ. ಅಂದಮೇಲೆ ಕೊಯ್ಯುವವನು ನಿಜಕ್ಕೂ ಕೆಳಗಿನವನೇ. ಆದರೆ ಹೆಸರು ಮೇಲಿನವನಿಗೆ, ಹುಡಿ ಕೆಳಗಿನವನಿಗೆ. ಲೋಕದಲ್ಲಿ ಬೇರೆ ಕಡೆಯೂ ಹೀಗೇ ಅಲ್ಲವೇ ಎಂದು ಕೇಳಿದರೆ, ಹೌದು, ಹೀಗೇ.

ನಿತ್ಯಾನಂದ ಮೇಲಿನವ. ರಾಮದಾಸ ಕೆಳಗಿನವ. ಇಬ್ಬರೂ ಕುಂಬಳೆಯ ಕಡೆಯವರು. ಸಾವಿರದ ಒಂಬೈನೂರ ಐವತ್ತರಲ್ಲಿ ಒಂದು ಗರಗಸ, ಎರಡು ಅರ, ಒಂದು ಮಸಿನೂಲಿನ ಉರುಟು ಕಟ್ಟಿಕೊಂಡು ಕೊಚ್ಚಿಗೆ ಬಂದು ಕಲೂರಿನ ಒಂದು ಮರದ ಡಿಪೋದಲ್ಲಿ ಗುಂಡಿ ಹಿಡಿದರು. ಆರು ವರ್ಷ ಕಳೆಯುವಷ್ಟರಲ್ಲಿ ಅವರ ಊರೇ ರಾಜ್ಯ ಬದಲಿಸಿತು. ಕುಂಬಳೆಯಿಂದ ಒಂದು ಕಲ್ಲೂ ಕದಲಲಿಲ್ಲ, ಆದರೆ ಕನ್ನಡದವರು ಕೇರಳದವರಾದರು. ಎಲ್ಲೋ ಮೇಲೆ ನಿಂತವರು ನೂಲು ಹೊಡೆದು ಗೆರೆ ಎಳೆದರು. ಆ ಗೆರೆ ಕೆಳಮೈಯಲ್ಲಿ ಯಾರ ಅಂಗಳಕ್ಕೆ ಬಂತೆಂದು ಕೂಗಿ ಹೇಳುವ ಒಬ್ಬ ಕೆಳಗಿನವ ಆ ಕೊಯ್ತಕ್ಕೆ ಇರಲಿಲ್ಲ.

ಯಾಕೆಂದರೆ ಅದು ಕೆಳಗಿನವನ ದೊಡ್ಡ ಕೆಲಸ. ದಿಮ್ಮಿಯ ಮೇಲ್ಮೈಯಲ್ಲಿ ಒಂದು ಗೆರೆ, ಕೆಳಮೈಯಲ್ಲಿ ಅದಕ್ಕೆ ಸರಿಯಾಗಿ ಇನ್ನೊಂದು. ಮೇಲಿನವನಿಗೆ ಕೆಳಗಿನದು ಕಾಣುವುದಿಲ್ಲ. ಗರಗಸ ವಾಲಿದರೆ ಕೆಳಗಿನಿಂದ ಕೂಗು ಬರಬೇಕು: “ಎಡಕ್ಕೆ ಬಾ”, “ಬಲಕ್ಕೆ ಒಂದು ನೂಲು.” ರಾಮದಾಸ ಕೂಗುತ್ತಿದ್ದದ್ದು ಮೊದಲ ಒಂದೆರಡು ವರ್ಷ. ಆಮೇಲೆ ಕೂಗಬೇಕಾಗಲಿಲ್ಲ. ಗರಗಸದಲ್ಲೇ ಹೇಳುತ್ತಿದ್ದ. ಎಳೆತದ ಕೊನೆಗೆ ಮಣಿಗಟ್ಟನ್ನು ಒಂಚೂರು ತಿರುಗಿಸಿದರೆ ಮೇಲೆ ನಿತ್ಯಾನಂದನ ಅಂಗೈಗೆ ತಿಳಿಯುತ್ತಿತ್ತು. ಅದೊಂದೇ ಅಲ್ಲ, ಎಲ್ಲವೂ ತಿಳಿಯುತ್ತಿತ್ತು. ರಾಮದಾಸ ಬೆಳಿಗ್ಗೆ ಗಂಜಿ ಕುಡಿದಿದ್ದಾನೋ ಇಲ್ಲವೋ, ಊರಿನಿಂದ ಕಾಗದ ಬಂದಿದೆಯೋ, ಗುಂಡಿಯೊಳಗೆ ತನ್ನಷ್ಟಕ್ಕೆ ನಗುತ್ತಿದ್ದಾನೋ. ಹದಿನಾಲ್ಕು ವರ್ಷ ಇಬ್ಬರು ಗಂಡಸರು ಹಗಲಿಡೀ ಮುಖ ನೋಡದೆ ಮಾತಾಡಿದರು. ಗಂಡ ಹೆಂಡತಿ ಕೂಡ ಅಷ್ಟು ಮಾತಾಡಿರಲಾರರು.

ಗಂಡ ಹೆಂಡತಿಯ ಮಾತು ಬಂದದ್ದಕ್ಕೆ ಹೇಳಬೇಕು: ನಿತ್ಯಾನಂದನ ಹೆಂಡತಿ ಚಂದ್ರಾವತಿ ರಾಮದಾಸನ ತಂಗಿ. ಐವತ್ತೇಳರಲ್ಲಿ ಮದುವೆ. ಅದಕ್ಕೆ ಮೊದಲು ಇಬ್ಬರಿಗೂ ಸರದಿ, ಆದರೆ ಹೆಚ್ಚು ದಿನ ಮೇಲೆ ನಿಲ್ಲುತ್ತಿದ್ದವನು ರಾಮದಾಸ. ಮಸಿನೂಲು ತೋಯಿಸುವುದು, ಬಿಗಿಯುವುದು, ಬೆರಳಲ್ಲಿ ಎತ್ತಿ ಬಿಟ್ಟು ದಿಮ್ಮಿಯ ಮೇಲೆ ಕೂದಲೆಳೆಯಷ್ಟು ಸಪೂರ ಗೆರೆ ಹೊಡೆಯುವುದು, ಎಲ್ಲವನ್ನೂ ನಿತ್ಯಾನಂದನಿಗೆ ಕಲಿಸಿದವನೇ ಅವನು. ಮದುವೆಯಾದ ಮೂರನೆಯ ದಿನ ಡಿಪೋಗೆ ಬಂದು, ನಿತ್ಯಾನಂದ ಗುಂಡಿಗಿಳಿಯುವ ಮೊದಲೇ ತಾನು ಇಳಿದು ನಿಂತ.

“ಎಂತ ಭಾವ, ಇವತ್ತು ಸರದಿ ನಂದಲ್ಲವಾ?”

“ಇನ್ನು ಸರದಿ ಗಿರದಿ ಇಲ್ಲ. ತಂಗಿಯ ಗಂಡನ ಕಣ್ಣಿಗೆ ಹುಡಿ ಬೀಳ್ಬಾರ್ದು. ನಾಳೆ ಅವಳು ನನ್ನ ಜುಟ್ಟು ಹಿಡಿದು ಕೇಳ್ತಾಳೆ.”

“ನಿನಗೆ ಜುಟ್ಟು ಎಲ್ಲುಂಟು ಮಾರಾಯ?”

“ಇಲ್ಲದ್ದನ್ನು ಹಿಡಿದೇ ಕೇಳ್ತಾಳೆ. ನೀನು ಹತ್ತು ಮೇಲೆ.”

ಹೀಗೆ ನಿತ್ಯಾನಂದ ಮೇಲಿನವನಾದ. ಮೇಲೆ ನಿಂತವನಿಗೆ ನಿಂತದ್ದು ಅಭ್ಯಾಸವಾಗುತ್ತದೆ. ಅಲ್ಲಿಗೆ ಹತ್ತಿಸಿದವರು ಯಾರೆಂಬುದು ಎಲ್ಲಕ್ಕಿಂತ ಮೊದಲು ಮರೆತು ಹೋಗುತ್ತದೆ.

ಅರವತ್ತನಾಲ್ಕರ ಫೆಬ್ರವರಿಯಲ್ಲಿ ಡಿಪೋದ ಯಜಮಾನ ಔಸೇಪ್ ಮುದಲಾಳಿ ಹಡಗಿನಿಂದ ಇಳಿದ ಒಂದು ಪೆಟ್ಟಿಗೆಯನ್ನು ಕೈಗಾಡಿಯಲ್ಲಿ ತರಿಸಿದ. ಬೈಹುಲ್ಲಿನೊಳಗೆ ಕೆಂಪು ಬಣ್ಣದ ಒಂದು ಯಂತ್ರ, ಅದರ ಮುಂದೆ ಎರಡಡಿಯ ಕಬ್ಬಿಣದ ಪಟ್ಟಿ, ಪಟ್ಟಿಯ ಸುತ್ತ ಹಲ್ಲಿನ ಚೈನು. ಕಲೂರಿನ ಆ ಬೀದಿ ಅಂಥದ್ದನ್ನು ಕಂಡಿರಲಿಲ್ಲ. ಅಂಬಲಮುಗಳ್‌ ಆಚೆಯ ಗುಡ್ಡಗಳಲ್ಲಿ ಹೊಸ ರಸ್ತೆಗೆ ಮರ ಕಡಿಯುವ ಗುತ್ತಿಗೆ ಮುದಲಾಳಿಗೆ ಸಿಕ್ಕಿತ್ತು. ಕಡಿದದ್ದನ್ನು ಅಲ್ಲೇ ಹಲಗೆ ಮಾಡಿ ಸಾಗಿಸಿದರೆ ಲಾಭ. ಗುಡ್ಡದ ಮೇಲೆ ಗುಂಡಿ ತೋಡಿ ಕೂರುವ ಪುರುಸೊತ್ತು ಯಾರಿಗಿದೆ? ಕೈಯಲ್ಲಿ ಹಿಡಿದೇ ಉದ್ದಕ್ಕೆ ಸೀಳುವ ಯಂತ್ರ ಬಂದಿತ್ತು.

ಮುದಲಾಳಿ ಗುಂಡಿಯ ಬಳಿಗೆ ಬಂದು ನಿಂತ. ಆಗ ಒಂದು ಹಲಸಿನ ದಿಮ್ಮಿ ಅರ್ಧ ಕೊಯ್ದಾಗಿತ್ತು.

“ಗೆರೆ ನೋಡಿ ಕೊಯ್ಯುವವ ಬೇಕು,” ಎಂದ ಮಲಯಾಳದಲ್ಲಿ. “ನೀನೊಬ್ಬನೇಯೋ, ಇಬ್ಬರಿಗೂ ಬರುತ್ತದೋ?”

ನಿತ್ಯಾನಂದನ ಮಗಳು ನಿರ್ಮಲ ಹುಟ್ಟಿ ಆಗ ನಲವತ್ತು ದಿನ. ಮನೆಯಲ್ಲಿ ಬಾಣಂತಿ. ಇದು ಕಾರಣವೇ ಹೊರತು ಸಮರ್ಥನೆಯಲ್ಲ. ನಿತ್ಯಾನಂದನೇ ಮುಂದೆ ಎಂದೂ ಇದನ್ನು ಸಮರ್ಥನೆಯಾಗಿ ಬಳಸಲಿಲ್ಲ. ಅವನು ಗುಂಡಿಯತ್ತ ನೋಡದೆ ಹೇಳಿದ:

“ಅವನು ಕೆಳಗಿನವ.”

ಸುಳ್ಳೇನಲ್ಲ. ಏಳು ವರ್ಷದಿಂದ ರಾಮದಾಸ ಕೆಳಗಿನವನೇ. ಹೀಗೆ ಪೂರ್ತಿ ನಿಜವಾದ ಎರಡೇ ಶಬ್ದಗಳಲ್ಲಿ ಒಬ್ಬ ಮನುಷ್ಯನ ಕತ್ತು ಕೊಯ್ಯಬಹುದು.

“ಹಾಗಾದರೆ ಒರಾಳ್ ಮತಿ,” ಎಂದ ಮುದಲಾಳಿ. ಒಬ್ಬ ಸಾಕು. ಯಂತ್ರಕ್ಕೆ ಒಬ್ಬ ಸಾಕು.

ನಿತ್ಯಾನಂದನ ಕೈಯಲ್ಲಿ ಗರಗಸ ಹಗುರಾಯಿತು. ಕೆಳಗಿನ ಕೈ ಬಿಟ್ಟುಹೋದದ್ದು ಅವನಿಗೆ ಕಿವಿಗಿಂತ ಮೊದಲು, ಕಣ್ಣಿಗಿಂತ ಮೊದಲು ಅಂಗೈಗೆ ಗೊತ್ತಾಯಿತು. ರಾಮದಾಸ ಗುಂಡಿಯಿಂದ ಹತ್ತಿ ಬಂದ. ಬೈರಾಸು ಬಿಚ್ಚಿ ಕೊಡವಿದ. ಗರಗಸವನ್ನು ಸೀಳಿನಿಂದ ಮೇಲಕ್ಕೆಳೆಯಬೇಕಾದರೆ ಕೆಳಗಿನ ಹಿಡಿ ಕಳಚುವಂತಿರಬೇಕು, ಅದಕ್ಕೆಂದೇ ಆ ಹಿಡಿಗೆ ಒಂದು ಸಣ್ಣ ಬೆಣೆ. ಅವನು ಬೆಣೆ ತಟ್ಟಿ ಹಿಡಿ ಕಳಚಿದ್ದ. ಅದನ್ನು ಬೈರಾಸಿನಲ್ಲಿ ಸುತ್ತಿ ಕಂಕುಳಲ್ಲಿಟ್ಟು ಹೊರಟ. ಏನೂ ಬಯ್ಯಲಿಲ್ಲ. ಬಯ್ದಿದ್ದರೆ ನಿತ್ಯಾನಂದನ ಬದುಕು ಬೇರೆಯಾಗುತ್ತಿತ್ತೇನೋ.

ಆ ಅರ್ಧ ಕೊಯ್ದ ದಿಮ್ಮಿಯ ಸೀಳಿನಲ್ಲಿ ಗರಗಸ ಒಂದು ದಿನವಿಡೀ ಒಬ್ಬಂಟಿಯಾಗಿ ನಿಂತಿತ್ತು.

*

ಕೈಯಲ್ಲಿ ಹಿಡಿದ ಯಂತ್ರದಿಂದ ದಿಮ್ಮಿಯನ್ನು ಉದ್ದಕ್ಕೆ ಸೀಳುವುದು ಅಡ್ಡ ಕತ್ತರಿಸಿದಂತಲ್ಲ. ಕಲಿಸುವವರು ಯಾರೂ ಇರಲಿಲ್ಲ. ನಿತ್ಯಾನಂದ ಗುಡ್ಡದ ಮೇಲೆ ಮೊದಲ ದಿಮ್ಮಿಯನ್ನು ಎರಡು ತುಂಡು ಮರದ ಮೇಲೆ ಉರುಳಿಸಿ, ಕೊಂಡಿ ಹೊಡೆದು ಅಲ್ಲಾಡದಂತೆ ಮಾಡಿ, ಮಸಿನೂಲು ಹೊಡೆದ. ಯಂತ್ರದ ಹಗ್ಗ ಎಳೆದ. ನೀಲಿ ಹೊಗೆ, ಎಣ್ಣೆ ವಾಸನೆ, ಗುಡ್ಡದ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದು ಹೋದವು. ಗೆರೆಯ ಮೇಲೆ ಪಟ್ಟಿ ಇಟ್ಟು ಕೊಯ್ದ. ನಾಲ್ಕಡಿ ಕೊಯ್ದು ಯಂತ್ರ ನಿಲ್ಲಿಸಿದ. ಯಾಕೆ ನಿಲ್ಲಿಸಿದನೆಂದು ಒಂದು ಕ್ಷಣ ಅವನಿಗೇ ತಿಳಿಯಲಿಲ್ಲ. ಆಮೇಲೆ ತಿಳಿಯಿತು: ಕೆಳಗಿನಿಂದ ಕೂಗು ಬರಲಿ ಎಂದು ಕಾಯುತ್ತಿದ್ದ.

ಆ ದಿನ ಪೂರ್ತಿ ಹಾಗೇ. ಕೊಯ್ಯುವುದು, ನಿಲ್ಲಿಸುವುದು, ಕಿವಿಗೊಡುವುದು. ಸಂಜೆ ಹಲಗೆ ಬಿಡಿಸಿದಾಗ ಮೇಲಿನ ಅಂಚು ನೂಲು ಹಿಡಿದಂತೆ ನೇರ. ಕೆಳಗಿನ ಅಂಚು ಎರಡಂಗುಲ ಆಚೆಗೆ ಹೋಗಿತ್ತು. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹದಿನಾಲ್ಕು ವರ್ಷದಲ್ಲಿ ಅವನ ಕೈಯಿಂದ ಅಂಥ ಹಲಗೆ ಹೊರಬಿದ್ದಿರಲಿಲ್ಲ. ಯಂತ್ರ ಕಲಿಯದ ಹೊಸಬ ಮಾಡುವ ತಪ್ಪಲ್ಲ ಅದು. ಕೆಳಗೊಬ್ಬನಿದ್ದಾನೆಂದು ಮೈಯಲ್ಲೇ ನಂಬಿದ ಮೇಲಿನವ ಮಾತ್ರ ಮಾಡುವ ತಪ್ಪು.

ಕಲಿತ. ಕಲಿಯದೆ ಏನು ಮಾಡುತ್ತಾನೆ? ಪಟ್ಟಿಯ ಮೂತಿಯಿಂದ ಮೊದಲು ಗೆರೆಯುದ್ದಕ್ಕೂ ಒಂದಂಗುಲ ಗೀರಿಕೊಳ್ಳಬೇಕು. ಹಿಂದೆ ಹಿಂದೆ ನಡೆಯುತ್ತ ಅದೇ ದಾರಿಯಲ್ಲಿ ಎರಡನೇ ಸಲ ಆಳಕ್ಕೆ, ಮೂರನೇ ಸಲ ಇನ್ನೂ ಆಳಕ್ಕೆ. ಸೀಳು ಮುಚ್ಚಿಕೊಂಡು ಚೈನು ಕಚ್ಚದಂತೆ ಹಿಂದಿನಿಂದ ಬೆಣೆ ಹೊಡೆಯುತ್ತ ಬರಬೇಕು. ಅಡ್ಡ ಕತ್ತರಿಸಲು ಮಾಡಿದ ಹಲ್ಲು ಉದ್ದ ಸೀಳಲು ಮೊಂಡಾಟ ಮಾಡುತ್ತದೆ, ಅದಕ್ಕೆ ಬೇರೆ ಓರೆಯಲ್ಲಿ ಅರ ಹಾಕಬೇಕು. ಪಟ್ಟಿ ವಾಲಿತೋ ಇಲ್ಲವೋ ನೋಡಲು ಅವನು ಯಂತ್ರದ ಮೂಗಿಗೆ ಒಂದು ನಟ್ಟನ್ನು ದಾರದಲ್ಲಿ ಕಟ್ಟಿ ಇಳಿಬಿಟ್ಟ. ಆ ತೂಗುವ ನಟ್ಟು ಅವನ ಹೊಸ ಕೆಳಗಿನವ. ಗುಡ್ಡದ ಕೆಲಸಗಾರರು ಅದನ್ನು ನೋಡಿ ನಕ್ಕರು. ವರ್ಷದೊಳಗೆ ಎಡ ಬಲ ಒಂದು ನೂಲು ತಪ್ಪದೆ ಹದಿನಾರಡಿ ಹಲಗೆ ಬಿಡಿಸುವವನು ಕೊಚ್ಚಿ ಸೀಮೆಗೆ ಅವನೊಬ್ಬನೇ ಎಂದಾಯಿತು. ಆಗ ನಗುವವರು ಸುಮ್ಮನಾದರು.

ಆದರೆ ನಟ್ಟು ಗಂಜಿ ಕುಡಿಯುವುದಿಲ್ಲ. ನಗುವುದಿಲ್ಲ.

ಯಂತ್ರ ಮರವನ್ನೂ ಹೆಚ್ಚು ತಿನ್ನುತ್ತಿತ್ತು. ಗರಗಸದ ಸೀಳು ಅಕ್ಕಿಕಾಳಿನಷ್ಟು, ಯಂತ್ರದ್ದು ಕಿರುಬೆರಳಿನಷ್ಟು. ಪ್ರತಿ ಹಲಗೆಗೂ ಅಷ್ಟು ಮರ ಉದ್ದುದ್ದ ಎಳೆಯಾಗಿ ನೆಲಕ್ಕೆ. ಅದನ್ನು ಯಾರೂ ನಷ್ಟ ಎನ್ನಲಿಲ್ಲ. ಮನುಷ್ಯನ ಕೂಲಿ ಮಾತ್ರ ನಷ್ಟ ಎನ್ನುವ ಕಾಲ ಅಷ್ಟು ಹೊತ್ತಿಗೆ ಬಂದಾಗಿತ್ತು. ಯಂತ್ರದ ಮೇಲೆ ಸಿಟ್ಟಲ್ಲ ಇದು. ಯಂತ್ರ ಪಾಪ, ತಾನಾಗಿ ಯಾರನ್ನೂ ಗುಂಡಿಯಿಂದ ಎಬ್ಬಿಸಿ ಕಳಿಸಲಿಲ್ಲ. “ಒರಾಳ್ ಮತಿ” ಎಂದದ್ದು ಯಂತ್ರವಲ್ಲ. ಅದಕ್ಕೆ ಸುಮ್ಮನೆ ತಲೆಯಾಡಿಸಿದ್ದೂ ಯಂತ್ರವಲ್ಲ.

ರಾಮದಾಸ ವಲ್ಲಾರ್‌ಪಾಡಂ ದ್ವೀಪದಲ್ಲಿ ದೋಣಿ ಕಟ್ಟುವವರ ಬಳಿ ಸೇರಿದ್ದಾನೆಂದು ಮರುವರ್ಷ ಸುದ್ದಿ ಬಂತು. ಚಂದ್ರಾವತಿ ಎರಡು ಕಾಗದ ಬರೆಸಿದಳು. ಉತ್ತರವಿಲ್ಲ. ಒಂದು ಭಾನುವಾರ ನಿತ್ಯಾನಂದ ಎರ್ನಾಕುಲಂ ಜೆಟ್ಟಿಯಿಂದ ದೋಣಿ ಹತ್ತಿದ. ದ್ವೀಪದ ದಡ ಸಮೀಪಿಸುವಾಗಲೇ ಕಂಡ: ದಿಮ್ಮಿಗಳ ಮೇಲೆ ಎತ್ತಿಟ್ಟ ದೋಣಿಯೊಂದರ ಕೆಳಗೆ ಬೆನ್ನ ಮೇಲೆ ಮಲಗಿ, ಹಲಗೆ ಸಂದಿಗೆ ನಾರು ತುರುಕುತ್ತಿದ್ದ ಮನುಷ್ಯ. ತಲೆಗೆ ಅದೇ ಬೈರಾಸು. ಅಲ್ಲೂ ಕೆಳಗೇ. ದೋಣಿಯವ “ಇಳಿಯುವುದಿಲ್ಲವೋ?” ಎಂದು ಕೇಳಿದ. ನಿತ್ಯಾನಂದ ಇಳಿಯಲಿಲ್ಲ. ಅದೇ ದೋಣಿಯಲ್ಲಿ ಹಿಂತಿರುಗಿದ.

“ಅಣ್ಣ ಸಿಕ್ಕಿದನಾ?” ಎಂದಳು ಚಂದ್ರಾವತಿ.

“ಇಲ್ಲ.”

ಅವಳು ಅವನ ಮುಖ ನೋಡಿದಳು. “ಸಿಗ್ತಾನೆ,” ಎಂದಳು. “ನಿಮಗೆ ಸಿಗ್ಬೇಕು ಅಂತ ಆದ ದಿನ ಸಿಗ್ತಾನೆ.” ಅವಳಿಗೆ ಎಷ್ಟು ಗೊತ್ತಿತ್ತೋ! ಅವನು ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ.

*

ಅರವತ್ತೊಂಬತ್ತರಲ್ಲಿ ಮುದಲಾಳಿ ತಿರುವನಂತಪುರದ ಕಡಲ ದಂಡೆಯಲ್ಲಿ ತೆಂಗು ಕಡಿಯುವ ಗುತ್ತಿಗೆ ಹಿಡಿದ. ರಾಕೆಟ್ಟಿನ ಕೆಲಸ ನಡೆಯುವ ಒಂದು ಕೇಂದ್ರ ಸರಕಾರದ ಸಂಸ್ಥೆಗೆ ಜಾಗ ಬೇಕಿತ್ತು. ನಿತ್ಯಾನಂದ ಮರಳಿನಲ್ಲಿ ಕಾಲೂರಿ ಒಂದು ತೆಂಗನ್ನು ಸೀಳುತ್ತಿದ್ದಾಗ ಚೈನು ಕಚ್ಚಿಕೊಂಡಿತು. ಅವನ ಬಾಯಿಂದ ಕುಂಬಳೆಯ ಅಚ್ಚ ಬೈಗುಳ ಹೊರಟಿತು.

“ಅಯ್ಯೋ, ಏನ್ರೀ ಇದು! ಈ ಊರಲ್ಲಿ ಕನ್ನಡದಲ್ಲಿ ಬೈಯೋರೂ ಇದಾರಾ?” ಕೊಡೆ ಹಿಡಿದು ನಿಂತಿದ್ದವರು ಕೃಷ್ಣಮೂರ್ತಿ, ಮೈಸೂರಿನ ಕಡೆಯಿಂದ ವರ್ಗವಾಗಿ ಬಂದಿದ್ದ ಎಂಜಿನಿಯರು. “ಎರಡು ವರ್ಷ ಆಯ್ತು ಕಣ್ರೀ ನಾನು ಬಂದು. ಕಿವಿಗೆ ಇಷ್ಟು ತಂಪಾಗಿದ್ದು ಇವತ್ತೇ. ಇನ್ನೊಂದ್ಸಲ ಬೈಯ್ರೀ.”

“ಮರ್ಯಾದಸ್ಥರ ಎದುರು ಆಗ್ಲಿಕ್ಕಿಲ್ಲ ಸಾರ್.”

ಆಮೇಲೆ ಅವರು ಅವನು ಕೊಯ್ದ ಹಲಗೆಯ ಅಂಚಿಗೆ ಕಣ್ಣಿಟ್ಟು ನೋಡಿದರು, ಸ್ಕೇಲು ತರಿಸಿ ಇಟ್ಟರು, ಮತ್ತೆ ನೋಡಿದರು. ಆರು ತಿಂಗಳಲ್ಲಿ ನಿತ್ಯಾನಂದ ಸಂಸ್ಥೆಯ ಮರಗೆಲಸದ ವಿಭಾಗದಲ್ಲಿ ಖಾಯಂ ಕೆಲಸಗಾರ. ಕ್ವಾರ್ಟರ್ಸು, ಹೆಂಚಿನ ಮಾಡು, ಮಗಳಿಗೆ ಶಾಲೆ. ನಿರ್ಮಲ ಕನ್ನಡದಲ್ಲಿ ಕೇಳಿಸಿಕೊಂಡು ಮಲಯಾಳದಲ್ಲಿ ಉತ್ತರಿಸುವ ಹುಡುಗಿಯಾದಳು. ಅಟ್ಟದ ಮೇಲೆ ಎಣ್ಣೆ ಸವರಿ ಗೋಣಿ ಸುತ್ತಿದ ಗರಗಸ, ಮೇಲಿನ ಹಿಡಿ ಮಾತ್ರ ಇದ್ದದ್ದು. ಎರಡು ತಿಂಗಳಿಗೊಮ್ಮೆ ಇಳಿಸಿ ಒರೆಸಿ ಮತ್ತೆ ಇಡುತ್ತಿದ್ದ. ಬಡಗಿಗೆ ಹೊಸ ಹಿಡಿ ಮಾಡುವುದು ಅರ್ಧ ಗಂಟೆಯ ಕೆಲಸ. ಮಾಡಲಿಲ್ಲ.

ಬೆರಳುಗಳು ಬಿಳಿಚಲು ಶುರುವಾದದ್ದು ಎಪ್ಪತ್ತೆರಡರಲ್ಲಿ. ಮಳೆಗಾಲದ ಬೆಳಿಗ್ಗೆ ಎದ್ದರೆ ಹತ್ತರಲ್ಲಿ ಎಂಟು ಬೆರಳು ಸುಣ್ಣ ಬಳಿದಂತೆ. ಉಜ್ಜಿದರೆ ಬಣ್ಣ ಬರುತ್ತಿತ್ತು, ಸ್ಪರ್ಶ ಬರುತ್ತಿರಲಿಲ್ಲ. ವರ್ಷಗಟ್ಟಲೆ ಆ ಯಂತ್ರದ ನಡುಕ ಹಿಡಿದ ಕೈ ಅದು. ಡಾಕ್ಟರೊಬ್ಬರು ನರದ ದುರ್ಬಲತೆ ಎಂದು ಹಳದಿ ಗುಳಿಗೆ ಬರೆದರು. ಯಂತ್ರದ ಪೆಟ್ಟಿಗೆಯೊಳಗೆ ಬಂದಿದ್ದ ಪುಸ್ತಕದಲ್ಲಿ ಎಣ್ಣೆ ಎಷ್ಟು ಹಾಕಬೇಕೆಂದಿತ್ತು, ಚೈನು ಎಷ್ಟು ಬಿಗಿಯಬೇಕೆಂದಿತ್ತು. ಹಿಡಿದವನ ಕೈ ಏನಾಗುತ್ತದೆಂದು ಇರಲಿಲ್ಲ. ಯಂತ್ರಕ್ಕೆ ಆರೈಕೆ ಬೇಕೆಂದು ಎಲ್ಲರಿಗೂ ಗೊತ್ತು. ಅಂಗಿಯ ಗುಂಡಿ ಹಾಕಲು ಚಂದ್ರಾವತಿ ಬೇಕಾಯಿತು. ಬಿಸಿ ಚಹಾದ ಲೋಟ ಹಿಡಿದು ಬಿಸಿಯೆಂದು ತಿಳಿಯದೆ ತುಟಿ ಸುಟ್ಟುಕೊಂಡ. ಕೆಲಸ ನಿಲ್ಲಲಿಲ್ಲ. ಕಣ್ಣಿನಿಂದ ಮಾಡಬಹುದಾದ ಕೆಲಸವನ್ನು ಕಣ್ಣಿನಿಂದಲೇ ಮಾಡಿದ. ವಿಭಾಗದಲ್ಲಿ ಯಾರಿಗೂ ಹೇಳಲಿಲ್ಲ.

*

ಎಪ್ಪತ್ತೇಳರ ಜೂನಿನ ಗಾಳಿಗೆ ಸಂಸ್ಥೆಯ ಆವರಣದ ಒಂದು ಹೆಬ್ಬಲಸು ಬುಡಮೇಲಾಯಿತು. ಅಲ್ಲಿಯವರು ಅದನ್ನು ಆಂಜಿಲಿ ಎನ್ನುತ್ತಾರೆ, ದೋಣಿಗೆ ಅದಕ್ಕಿಂತ ಒಳ್ಳೆಯ ಮರವಿಲ್ಲ. ಸುತ್ತಳತೆ ಹನ್ನೊಂದು ಅಡಿ. ಸಭೆಯ ಕೋಣೆಯ ಮೇಜಿಗೆ ಅದರಿಂದ ಒಂದೇ ತುಂಡಿನ ಹಲಗೆ ಬೇಕೆಂದು ಮೇಲಿನಿಂದ ಆದೇಶ ಬಂತು.

“ಆಗುತ್ತೇನ್ರೀ ನಿತ್ಯಾನಂದ? ನಿಮ್ಮ ಚೈನ್ ಗರಗಸದಲ್ಲಿ?” ಎಂದರು ಕೃಷ್ಣಮೂರ್ತಿ.

“ಪಟ್ಟಿ ಎರಡಡಿ ಸಾರ್. ಮರ ಮೂರೂವರೆ ಅಡಿ ಅಗಲ. ಎರಡೂ ಕಡೆಯಿಂದ ಕೊಯ್ದರೆ ನಡುವೆ ಮೆಟ್ಟಲು ನಿಲ್ತದೆ. ಮಟ್ಟ ಮಾಡ್ಲಿಕ್ಕೆ ಹೋದ್ರೆ ಅರ್ಧ ಹಲಗೆ ಉಳಿಯುದಿಲ್ಲ.”

“ಮತ್ತೆ?”

ನಿತ್ಯಾನಂದ ಬಿದ್ದ ಮರವನ್ನು ನೋಡಿದ. “ಗುಂಡಿ ತೋಡಿಸಿ ಕೊಡಿ. ಕೈ ಗರಗಸ ನನ್ನ ಹತ್ರ ಉಂಟು. ಇನ್ನೊಬ್ಬ ಬೇಕು.”

“ವಿಭಾಗದಲ್ಲಿ ಎಂಟು ಜನ ಇದಾರಲ್ರೀ.”

“ಅವರಲ್ಲ ಸಾರ್. ಒಬ್ಬ ಇದ್ದಾನೆ. ಕೊಚ್ಚಿಯಲ್ಲಿ.”

ಹದಿಮೂರು ವರ್ಷ ಅವನು ಬಯಸಿದ್ದು ಇದೊಂದನ್ನೇ: ಆ ಗರಗಸದ ಇನ್ನೊಂದು ತುದಿಗೆ ಮತ್ತೊಮ್ಮೆ ಆ ಕೈ ಬರಬೇಕು. ಬಾಯಿಬಿಟ್ಟು ಕ್ಷಮೆ ಕೇಳಲು ಅವನಿಗೆ ಬರುತ್ತಿರಲಿಲ್ಲ, ಕ್ಷಮಿಸಿದೆ ಎನ್ನಲು ರಾಮದಾಸನಿಗೂ ಬಾರದೆಂದು ಗೊತ್ತಿತ್ತು. ನಾಲ್ಕು ಎಳೆತ ಸಾಕು. ಆ ಕೈ ಏನು ಹೇಳುತ್ತದೋ ಅದನ್ನು ಅಂಗೈಯಲ್ಲಿ ಕೇಳಿಬಿಟ್ಟರೆ ಸಾಕು. ಸಿಟ್ಟಿದ್ದರೆ ಸಿಟ್ಟೇ ಆಗಲಿ.

ಈ ಸಲ ವಲ್ಲಾರ್‌ಪಾಡಂನಲ್ಲಿ ದೋಣಿಯಿಂದ ಇಳಿದ. ರಾಮದಾಸನ ಗಡ್ಡ ನರೆತಿತ್ತು. ಒಂದು ಹೊಸ ದೋಣಿಯ ಪಕ್ಕೆಲುಬಿಗೆ ಮೊಳೆ ಹೊಡೆಯುತ್ತಿದ್ದವನು ತಲೆಯೆತ್ತಿ ನೋಡಿದ, ಮತ್ತೊಂದು ಮೊಳೆ ಹೊಡೆದ, ಆಮೇಲೆ ಕೇಳಿದ:

“ಮರ ಯಾವುದು?”

ಮರ ಕೊಯ್ಯುವವರು ಮನುಷ್ಯನ ಕ್ಷೇಮ ಕೇಳುವ ಮೊದಲು ಮರದ್ದು ಕೇಳುತ್ತಾರೆ.

“ಹೆಬ್ಬಲಸು. ಹನ್ನೊಂದಡಿ ಸುತ್ತು.”

“ಮಿಷನಿಗೆ ಆಗುದಿಲ್ಲವಾ?”

“ಪಟ್ಟಿ ಮುಟ್ಟುದಿಲ್ಲ.”

“ಹ್ಞಾಂ. ಮಿಷನಿಗೆ ಆಗದ್ದು ಬಂದಾಗ ನನ್ನ ನೆನಪಾಯ್ತು.”

“ನೆನಪು ನಿತ್ಯ ಉಂಟು ಭಾವ. ಕಾರಣ ಸಿಕ್ಕಿದ್ದು ಈಗ.”

ರಾಮದಾಸ ಸುತ್ತಿಗೆ ಕೆಳಗಿಟ್ಟ. “ಅವಳು ಹೇಗಿದ್ದಾಳೆ?”

“ನಿನ್ನ ಜುಟ್ಟು ಹಿಡಿಲಿಕ್ಕೆ ಕಾಯ್ತಾ ಇದ್ದಾಳೆ.”

ನಗು ಬಂತೋ ಇಲ್ಲವೋ, ಗಡ್ಡದಲ್ಲಿ ಕಾಣಲಿಲ್ಲ. ರಾಮದಾಸ ತನ್ನ ಗುಡಿಸಲಿಗೆ ಹೋದ. ಅಲ್ಲಿ ಗೋಡೆಯ ತಟ್ಟಿಗೆ ಸಿಕ್ಕಿಸಿದ್ದ ಒಂದು ಮರದ ತುಂಡು, ಅದರ ಮೇಲೆ ಅವನ ಅಂಗಿ ನೇತಾಡುತ್ತಿತ್ತು. ಅಂಗಿ ತೆಗೆದು ಮೈಗೆ ಹಾಕಿಕೊಂಡು, ತುಂಡನ್ನು ಎಳೆದು ಕಂಕುಳಲ್ಲಿಟ್ಟ. ಕೆಳಗಿನ ಹಿಡಿ.

“ಬೆಣೆ ಹೊಸದು ಬೇಕು,” ಎಂದ. “ಹಳತು ಎಲ್ಲೋ ಬಿದ್ದುಹೋಯ್ತು.” ಇಬ್ಬರೂ ರೈಲಿನಲ್ಲಿ ತಿರುವನಂತಪುರಕ್ಕೆ ಬಂದಿಳಿದರು.

ಸಂಸ್ಥೆಯ ಗೇಟಿನಲ್ಲಿ ಪಾಸು ಬರೆಯುವ ಗುಮಾಸ್ತ ಫಾರಮು ತೆಗೆದ. ಹೊರಗಿನವರು ಒಳಗೆ ಹೋಗಬೇಕಾದರೆ ಯಾವ ಕೆಲಸಕ್ಕೆಂದು ಬರೆಯಬೇಕು. ರಾಮದಾಸನ ಲುಂಗಿ, ಗಡ್ಡ ನೋಡಿ ಅವನು ಕೇಳದೆಯೇ ‘ಹೆಲ್ಪರ್’ ಎಂದು ಗೀಚಿದ.

“ತಪ್ಪು,” ಎಂದ ನಿತ್ಯಾನಂದ. “ಅವನು ಮೇಲಿನವ. ಕೆಳಗಿನವ ನಾನು. ಹೆಲ್ಪರ್ ಅಂತ ಬರಿಯುದಾದ್ರೆ ನನ್ನ ಹೆಸರು ಬರಿ.”

“ಚೇಟ್ಟಾ,” ಅಣ್ಣಾ ಎಂದು ಕರೆದ ಗುಮಾಸ್ತ. “ನೀವು ಖಾಯಂ ನೌಕರ. ದಿನಗೂಲಿಯವನಿಗೆ ಖಾಯಂ ನೌಕರ ಹೆಲ್ಪರ್ ಆಗಲು ಫಾರಮಿನಲ್ಲಿ ಜಾಗವಿಲ್ಲ.”

“ಜಾಗ ಮಾಡು.”

ಕೊನೆಗೆ ಗುಮಾಸ್ತ ಆ ಕಲಂ ಖಾಲಿ ಬಿಟ್ಟ. ಆಕಾಶಕ್ಕೆ ಬಾಣ ಬಿಡುವ ದೇಶದ ಒಂದು ಫಾರಮಿನಲ್ಲಿ ರಾಮದಾಸನಿಗೆ ಸಿಕ್ಕಿದ ಮರ್ಯಾದೆ ಅಷ್ಟು: ಒಂದು ಖಾಲಿ ಜಾಗ. ಅವನು ಎಲ್ಲವನ್ನೂ ಕೇಳಿಸಿಕೊಂಡು, ಏನೂ ಕೇಳಿಸದವನಂತೆ ಒಳಗೆ ನಡೆದ.

ಗುಂಡಿ ಸಿದ್ಧವಿತ್ತು. ದಿಮ್ಮಿಯನ್ನು ಅದರ ಮೇಲೆ ಹಾಸಿದ್ದರು. ನಿತ್ಯಾನಂದ ಮಸಿನೂಲಿನ ಉರುಟನ್ನು ರಾಮದಾಸನ ಕೈಗೆ ಕೊಟ್ಟು, ಅವನು ಬೇಡವೆನ್ನುವ ಮೊದಲೇ ಗುಂಡಿಗಿಳಿದ. ಮೇಲೆ ನೂಲು ‘ಟಪ್’ ಎಂದು ಬಡಿದದ್ದು ಕೇಳಿಸಿತು. ಒಂದೇ ಪೆಟ್ಟು. ಕೈ ಮರೆತಿರಲಿಲ್ಲ. ಗರಗಸ ಇಳಿಯಿತು. ಹಿಡಿ ಸಿಕ್ಕಿಸಿ ಹೊಸ ಬೆಣೆ ಬಡಿದ.

“ಎಳಿ,” ಎಂದಿತು ಮೇಲಿನ ದನಿ.

ಎಳೆದ. ಗರಗಸ ಮೇಲೆ ಹೋಯಿತು, ಕೆಳಗೆ ಬಂತು. ಹೆಬ್ಬಲಸಿನ ಹಳದಿ ಹುಡಿ ಉದುರತೊಡಗಿತು, ಹಸಿ ಮರದ ಹುಳಿವಾಸನೆ ಗುಂಡಿ ತುಂಬಿತು. ಹತ್ತು ಎಳೆತ, ಇಪ್ಪತ್ತು. ನಿತ್ಯಾನಂದ ಉಸಿರು ಬಿಗಿಹಿಡಿದು ಅಂಗೈಗೆ ಕಿವಿಗೊಟ್ಟ.

ಏನೂ ಇಲ್ಲ.

ತೋಳಿಗೆ ಭಾರ ತಿಳಿಯಿತು, ಹೆಗಲಿಗೆ ಎಳೆತ ತಿಳಿಯಿತು. ಅಂಗೈಯಲ್ಲಿ ಬೆರಳಲ್ಲಿ ಮಾತ್ರ ಹತ್ತಿ ತುಂಬಿದಂತೆ. ಹಿಡಿ ಅಲ್ಲಿದೆಯೆಂದು ಕಣ್ಣು ಹೇಳುತ್ತಿತ್ತು, ಕೈ ಹೇಳುತ್ತಿರಲಿಲ್ಲ. ಹದಿಮೂರು ವರ್ಷ ಕಾದ ಕಾಗದ ಕೈಗೆ ಬಂದಿತ್ತು. ಓದಲು ಕಣ್ಣಿರಲಿಲ್ಲ. ಇನ್ನಷ್ಟು ಬಿಗಿಯಾಗಿ ಹಿಡಿದ. ಉಗುರು ಬೆಳ್ಳಗಾಯಿತು ಅಷ್ಟೆ.

“ಭಾವ,” ಎಂದು ಕೂಗಿದ. “ಎಂತಾದ್ರೂ ಹೇಳು.”

ಗರಗಸ ಓಡುತ್ತಲೇ ಇತ್ತು. “ಹೇಳ್ತಾ ಇದ್ದೇನಲ್ಲ ಆಗಿಂದ.”

ನಿತ್ಯಾನಂದ ಎಳೆಯುವುದನ್ನು ನಿಲ್ಲಿಸಿದ. ‘ಗೊತ್ತಾಯ್ತು’ ಎಂದುಬಿಡಬಹುದಿತ್ತು. ಆದರೆ ಒಂದು ಸಲ ಹೇಳಿದ ಎರಡು ಶಬ್ದದ ಬೆಲೆ ಅವನಿಗೆ ಗೊತ್ತಿತ್ತು.

“ನನ್ನ ಕೈಗೆ ಈಗ ಎಂತದೂ ತಿಳಿಯುದಿಲ್ಲ ಭಾವ. ಮಿಷನು ತಿಂದಿತು. ಐದು ವರ್ಷ ಆಯ್ತು.”

ಸೀಳಿನ ಸಂದಿಯಿಂದ ಕತ್ತೆತ್ತಿ ನೋಡಿದರೆ ರಾಮದಾಸನ ಮುಖ ಕಾಣುತ್ತಿರಲಿಲ್ಲ. ದಿಮ್ಮಿಯ ಅಂಚಿನಲ್ಲಿ ಎರಡು ಪಾದಗಳ ತುದಿ ಮಾತ್ರ. ಹೆಬ್ಬೆರಳುಗಳು ತೊಗಟೆಯನ್ನು ಕಚ್ಚಿ ಹಿಡಿದಿದ್ದವು.

“ಹಾಗಾದ್ರೆ ಬಾಯಲ್ಲೇ ಹೇಳ್ಬೇಕಾ?” ಎಂದ ರಾಮದಾಸ. “ಅದು ನಂಗೆ ಬರುದಿಲ್ಲ ಮಾರಾಯ.”

“ನಂಗೂ ಬರುದಿಲ್ಲ.”

“ಗೊತ್ತುಂಟು.”

ಆಚೆ ದಾರಿಯಲ್ಲಿ ಸೈಕಲ್ಲಿನ ಗಂಟೆ. ಯಾರೋ ಇಂಗ್ಲಿಷಿನಲ್ಲಿ ಮಾತಾಡುತ್ತ ದಾಟಿ ಹೋದರು. ಮನೆಯಲ್ಲಿ ಚಂದ್ರಾವತಿ ಬೆಳಿಗ್ಗೆಯಿಂದಲೇ ಕುಚ್ಚಲಕ್ಕಿ ಬೇಯಿಸಿ, ಬಂಗುಡೆಗೆ ಊರಿನ ಹಾಗೆ ಮಸಾಲೆ ಅರೆದಿಟ್ಟು, ಮಗಳಿಂದ “ಅಮ್ಮಾವನ್ ವನ್ನೋ?” ಎಂದು ಹತ್ತು ಸಲ ಕೇಳಿಸಿಕೊಂಡು ಕೂತಿದ್ದಳು. ಮಾವ ಬರುತ್ತಾನೋ ಇಲ್ಲವೋ, ತಾಯಿಗೂ ಗೊತ್ತಿರಲಿಲ್ಲ.

“ಎಳಿ,” ಎಂದ ರಾಮದಾಸ. ಗರಗಸ ಒಂದು ಸಲ ಇಳಿದು ನಿಂತಿತು. “ತಲೆಗೆ ಎಂತ ಕಟ್ಟದೆ ಇಳಿದಿದ್ದಿ ನೀನು? ಮೇಲಿಂದ ನನ್ನ ಬೈರಾಸು ಹಾಕ್ತೇನೆ, ಕಟ್ಟಿಕೊ. ಕಣ್ಣಿಗೆ ಹುಡಿ ಬೀಳ್ತದೆ.”

ಬೈರಾಸು ಬಂದು ಹೆಗಲ ಮೇಲೆ ಬಿತ್ತು. ನಿತ್ಯಾನಂದ ಅದನ್ನು ಕೂಡಲೇ ಕಟ್ಟಿಕೊಳ್ಳಲಿಲ್ಲ. ಅದು ಕೆಲಸದ ಮಾತೋ, ತಾನು ಹದಿಮೂರು ವರ್ಷ ಕಾದ ಮಾತೋ ಎಂದು ಕೈಯನ್ನು ಕೇಳೋಣವೆಂದರೆ ಕೈ ಮೂಕವಾಗಿತ್ತು. ಕಣ್ಣು ತೆರೆದುಕೊಂಡೇ, ಮೇಲೆ ಆ ಎರಡು ಪಾದಗಳನ್ನೇ ನೋಡುತ್ತ, ಹುಡಿ ಬೀಳುವಲ್ಲಿ ನಿಂತು ಎಳೆದ.